ಕಣ್ಣೊಳಗಿನ ಮಿಂಚಿಗೆ ನೋವಿಲ್ಲ

ನಮ್ಮ ಕಡೆ ಯಾರಾದರೂ ಹುಷಾರಿಲ್ಲ ಅಂದರೆ ಮನೆಯವರು ಮೊದಲು ಕೇಳುವುದು "ನೋವೈತಾ?" ಅಂತ. ಹೊಟ್ಟೆ, ಹಲ್ಲು, ಮಂಡಿಯ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ. ಕಣ್ಣಿನ ವಿಷಯದಲ್ಲಿ ಅದೇ ಪ್ರಶ್ನೆ ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಮೇ ತಿಂಗಳ ಕೊನೆ, ಮೂಡಿಗೆರೆ ಕಡೆಯ ಒಂದು ತೋಟದ ಮನೆ, ಕರೆಂಟು ಹೋಗಿದೆ ಅಂದುಕೊಳ್ಳಿ. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಒಲೆ ಮುಂದಿನಿಂದ ಎದ್ದು ಬಾಗಿಲ ಕಡೆ ತಿರುಗುತ್ತಾರೆ. ಎಡಗಣ್ಣಿನ ಹೊರಮೂಲೆಯಲ್ಲಿ ಬಿಲ್ಲಿನಂತೆ ಬಾಗಿದ ಬೆಳ್ಳನೆಯ ಗೆರೆಯೊಂದು ಫಕ್ಕನೆ ಹೊಳೆದು ಆರುತ್ತದೆ. ಹೊರಗೆ ಮಳೆ ಹನಿಯುತ್ತಿದೆ, ಮಿಂಚಿರಬೇಕು ಅಂತ ಗುಡುಗಿಗೆ ಕಾಯುತ್ತಾರೆ. ಗುಡುಗು ಬರುವುದಿಲ್ಲ. ಮಾರನೆ ದಿನ ಮಳೆಯೇ ಇಲ್ಲ, ಆದರೂ ಕತ್ತಲಾಗುತ್ತಿದ್ದಂತೆ ಅದೇ ಗೆರೆ, ಅದೇ ಮೂಲೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು: "ಪಿತ್ತ ಏರೈತೆ", "ಬಿಪಿ ಮಾತ್ರೆ ತಗೊಂಡ್ಯಾ?", "ರಾತ್ರಿ ಹೊತ್ತು ಮೊಬೈಲ್ ನೋಡ್ಬೇಡಿ ಅಂದ್ರೆ ಎಲ್ಲಿ ಕೇಳ್ತೀರಾ". ಕೊನೆಗೆ ಆ ಪ್ರಶ್ನೆ. "ನೋವೇನಿಲ್ಲ ಕಣಪ್ಪ." ಅಲ್ಲಿಗೆ ಚಿಕ್ಕಮಗಳೂರಿಗೆ ಹೋಗಿ ತೋರಿಸುವ ಮಾತು ಮುಂದಿನ ವಾರಕ್ಕೆ ಹೋಯಿತು.

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪದರ, ಅಂದರೆ ಅಕ್ಷಿಪಟಲ ಅಥವಾ ರೆಟಿನಾ, ನೋವು ತಿಳಿಸುವ ನರಗಳಿಲ್ಲದ ಅಂಗಾಂಶ. ಅದನ್ನು ಎಳೆದರೂ, ಹರಿದರೂ, ಗೋಡೆಯಿಂದ ಕಿತ್ತರೂ ನೋವಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ, ಬೆಳಕು ಬಿತ್ತು ಅಂತ ಮಿದುಳಿಗೆ ಹೇಳುವುದು. ಬೆಳಕಿನಿಂದ ಕೆರಳಿದರೂ ಅದನ್ನೇ ಹೇಳುತ್ತದೆ, ಎಳೆತದಿಂದ ಕೆರಳಿದರೂ ಅದನ್ನೇ. ಹಾಗಾಗಿ ಬೇರೆ ಅಂಗಗಳಿಗೆ ನೋವು ಹೇಗೋ, ರೆಟಿನಾಕ್ಕೆ ಈ ಮಿಂಚು ಹಾಗೆ.

ಹಾಗಂತ ಕಣ್ಣಲ್ಲಿ ಮಿಂಚು ಕಂಡವರೆಲ್ಲ ಬಸ್ಸು ಹಿಡಿದು ಓಡಬೇಕಾಗಿಲ್ಲ. ಮಿಂಚುಗಳಲ್ಲಿ ಬಗೆಗಳಿವೆ. ಯಾವ ಬಗೆ ಅನ್ನುವುದನ್ನು ಮುಕ್ಕಾಲುಪಾಲು ಮನೆಯಲ್ಲೇ, ಒಂದೆರಡು ನಿಮಿಷದಲ್ಲಿ ತಿಳಿಯಬಹುದು. ತಿಳಿಯಬೇಕಾದದ್ದು ಕಂಡವರೇ. ನಿಮಗೆ ಕಂಡ ಮಿಂಚು ಡಾಕ್ಟರ ಯಾವ ಯಂತ್ರದಲ್ಲೂ ಕಾಣಿಸುವುದಿಲ್ಲ. ಅವರಿಗೆ ಸಿಗುವುದು ನಿಮ್ಮ ಮಾತು ಮಾತ್ರ.

ಒಂದು ಕಣ್ಣು ಮುಚ್ಚಿ ನೋಡುವುದು

ಮೊದಲ ಪರೀಕ್ಷೆ ಇದು. ಮಿಂಚು ಬರುತ್ತಿರುವ ಹೊತ್ತಿನಲ್ಲೇ ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಕಣ್ಣುಗುಡ್ಡೆಯ ಮೇಲೆ ಒತ್ತಬೇಡಿ, ಬೆಳಕು ಮರೆಯಾದರೆ ಸಾಕು. ಎಡಗಣ್ಣು ಮುಚ್ಚಿದಾಗ ಹೋಗಿ ಬಲಗಣ್ಣು ಮುಚ್ಚಿದಾಗ ಉಳಿದರೆ ಅದು ಎಡಗಣ್ಣಿನದು. ಯಾವ ಕಣ್ಣು ಮುಚ್ಚಿದರೂ, ಎರಡನ್ನೂ ಮುಚ್ಚಿದರೂ ಅದೇ ಜಾಗದಲ್ಲಿ ಅದೇ ಆಕಾರ ನಿಮಿಷಗಟ್ಟಲೆ ಕಾಣುತ್ತಿದ್ದರೆ ಅದು ಹುಟ್ಟುತ್ತಿರುವುದು ಬಹುಮಟ್ಟಿಗೆ ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರದಲ್ಲಿ. ಇಲ್ಲಿ ಬಹಳ ಜನ ಎಡವುತ್ತಾರೆ. ಮಿದುಳಿನಲ್ಲಿ ಹುಟ್ಟಿದ್ದು ಸಾಮಾನ್ಯವಾಗಿ ನೋಟದ ಎಡ ಅರ್ಧದಲ್ಲೋ ಬಲ ಅರ್ಧದಲ್ಲೋ ಕಾಣುತ್ತದೆ. ಬಲಕ್ಕೆ ಕಂಡದ್ದನ್ನು ಬಲಗಣ್ಣಿನದು ಅಂತಲೇ ತಿಳಿದು, ಡಾಕ್ಟರ ಮುಂದೆಯೂ ಹಾಗೇ ಹೇಳಿಬಿಡುತ್ತಾರೆ.

ಕಣ್ಣಿನ ಮಿಂಚಿನ ಗುರುತು ಬೇರೆ. ಅರೆಕ್ಷಣದಲ್ಲಿ ಬಂದುಹೋಗುತ್ತದೆ. ಹೆಚ್ಚಾಗಿ ಹೊರಮೂಲೆಯಲ್ಲಿ, ನೆಟ್ಟಗಿನ ಅಥವಾ ಬಾಗಿದ ಗೆರೆಯಾಗಿ. ಕಣ್ಣು ಸರಕ್ಕನೆ ಹೊರಳಿಸಿದಾಗ, ತಲೆ ತಿರುಗಿಸಿದಾಗ ಬರುತ್ತದೆ. ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ, ಹಗಲು ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಕರೆಂಟು ಹೋಗುವ ಊರುಗಳಲ್ಲಿ ಇದು ಬೇಗ ಗಮನಕ್ಕೆ ಬರುವುದು ನಮ್ಮ ಪುಣ್ಯ ಅಂತಲೇ ಅನ್ನಬೇಕು.

ಒಳಗೆ ನಡೆಯುವುದೇನು

ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರ್. ಅದರ ಒಳಗಿನ ಬಹುಪಾಲು ಜಾಗವನ್ನು ತುಂಬಿರುವುದು ವಿಟ್ರಿಯಸ್ ಅನ್ನುವ ತಿಳಿಯಾದ ಲೋಳೆ, ಸುಮಾರು 4 ಮಿಲಿಲೀಟರ್. ಅದರಲ್ಲಿ 100ಕ್ಕೆ 98 ಭಾಗಕ್ಕಿಂತ ಹೆಚ್ಚು ನೀರೇ; ಉಳಿದದ್ದು ಕೊಲಾಜೆನ್ ಎಳೆಗಳು ಮತ್ತು ನೀರನ್ನು ಹಿಡಿದಿಡುವ ಹೈಯಲುರಾನಿಕ್ ಆಮ್ಲ. ಹುಟ್ಟುವಾಗ ಗಟ್ಟಿ ಲೋಳೆಯಾಗಿರುವ ಇದು ವಯಸ್ಸಾದಂತೆ, ಗಟ್ಟಿ ಮೊಸರು ನೀರೊಡೆಯುವ ಹಾಗೆ, ಅಲ್ಲಲ್ಲಿ ನೀರಾಗುತ್ತದೆ. ಎಳೆಗಳು ಒಂದಕ್ಕೊಂದು ಅಂಟಿ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಆ ಗಂಟುಗಳ ನೆರಳು ರೆಟಿನಾದ ಮೇಲೆ ಬಿದ್ದಾಗ ಸೊಳ್ಳೆಯೋ ನೂಲಿನ ಎಳೆಯೋ ತೇಲಿದ ಹಾಗೆ ಕಾಣುತ್ತದೆ. ಹಳೆಯ, ಪರಿಚಯದ ಸೊಳ್ಳೆಗಳಿಗೆ ಹೆದರಬೇಕಾಗಿಲ್ಲ.

50 ದಾಟಿದ ಮೇಲೆ ಒಂದು ಹಂತದಲ್ಲಿ ಈ ಲೋಳೆ ಕುಗ್ಗಿ, ಹಿಂದಿನ ಗೋಡೆಯಿಂದ ಬಿಟ್ಟುಕೊಂಡು ಮುಂದಕ್ಕೆ ಸರಿಯುತ್ತದೆ. ಇದು ರೋಗವಲ್ಲ, ಕೂದಲು ನರೆಯುವುದು ಎಷ್ಟು ಸಹಜವೋ ಅಷ್ಟೇ ಸಹಜ. 80ರ ಹೊತ್ತಿಗೆ ಬಹುತೇಕರಿಗೆ ಆಗಿರುತ್ತದೆ. ಮೈನಸ್ ನಂಬರಿನ ದಪ್ಪ ಕನ್ನಡಕದವರಿಗೆ ಇದು ಹಲವು ವರ್ಷ ಮುಂಚೆಯೇ ಬರುತ್ತದೆ. ತೊಂದರೆ ಇರುವುದು ಲೋಳೆ ಎಲ್ಲ ಕಡೆ ಒಂದೇ ಸಮ ಅಂಟಿರುವುದಿಲ್ಲ ಅನ್ನುವುದರಲ್ಲಿ. ದೃಷ್ಟಿನರ ಹೊರಡುವ ಜಾಗದ ಸುತ್ತ, ರಕ್ತನಾಳಗಳ ಉದ್ದಕ್ಕೆ, ಮತ್ತೆ ಎಲ್ಲಕ್ಕಿಂತ ಬಿಗಿಯಾಗಿ ಮುಂಭಾಗದ ಅಂಚಿನ ಪಟ್ಟಿಯಲ್ಲಿ ಅದು ಹಿಡಿದುಕೊಂಡಿರುತ್ತದೆ. ಹಿಂದೆ ಬಿಟ್ಟ ಲೋಳೆ ಕಣ್ಣು ಹೊರಳಿದಾಗಲೆಲ್ಲ ಓಲಾಡಿ, ಇನ್ನೂ ಹಿಡಿದಿರುವ ಅಂಚನ್ನು ಜಗ್ಗುತ್ತದೆ. ಜಗ್ಗಿದಾಗೊಂದು ಮಿಂಚು. ಹೊರಮೂಲೆಯಲ್ಲೇ ಯಾಕೆ ಕಾಣುತ್ತದೆ ಅಂದರೆ, ಕಣ್ಣು ಲೋಕವನ್ನು ತಿರುವುಮುರುವಾಗಿ ಗ್ರಹಿಸುತ್ತದೆ. ಮೂಗಿನ ಕಡೆಯ ರೆಟಿನಾ ಕೆರಳಿದರೆ ಬೆಳಕು ಕಾಣುವುದು ಕಿವಿಯ ಕಡೆ.

ಮಿಂಚಿನ ಜೊತೆಗೇ ಹೊಸದೊಂದು ದೊಡ್ಡ ಸೊಳ್ಳೆ ಕಾಣಿಸಿಕೊಳ್ಳುವುದುಂಟು, ಕೆಲವರಿಗೆ ಅರ್ಧ ಬಳೆಯ ಆಕಾರದಲ್ಲಿ. ದೃಷ್ಟಿನರದ ಸುತ್ತ ಅಂಟಿದ್ದ ಉಂಗುರ ಕಳಚಿ ತೇಲುತ್ತಿದೆ ಅಂತ ಅರ್ಥ. ವೈಸ್ ಉಂಗುರ ಅಂತ ಅದಕ್ಕೆ ಹೆಸರು. ಬಹುಪಾಲು ಜನರಿಗೆ ಕಥೆ ಇಲ್ಲಿಗೇ ನಿಲ್ಲುತ್ತದೆ. ಮಿಂಚು ಕೆಲವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಕಮ್ಮಿಯಾಗುತ್ತದೆ.

ಹೀಗೆ ಹೊಸದಾಗಿ ಮಿಂಚು, ಸೊಳ್ಳೆ ಕಂಡವರಲ್ಲಿ ಸುಮಾರು 10ಕ್ಕೆ ಒಬ್ಬರಿಗೆ ಮಾತ್ರ ಲೋಳೆ ಬಿಡುವಾಗ ರೆಟಿನಾವನ್ನೂ ಹರಿದಿರುತ್ತದೆ. ಹರಿದ ತುಂಡು ಕುದುರೆ ಲಾಳದ ಆಕಾರದಲ್ಲಿ ಮೇಲೆದ್ದು ನಿಲ್ಲುತ್ತದೆ. ನೀರಾದ ಲೋಳೆ ಆ ಕಿಂಡಿಯ ಮೂಲಕ ನುಗ್ಗಿ ರೆಟಿನಾವನ್ನು ಗೋಡೆಯಿಂದ ಬಿಡಿಸುತ್ತಾ ಹೋಗುತ್ತದೆ. ಮಿಂಚು, ಸೊಳ್ಳೆಗಳ ಜೊತೆ ಬಂದ ಇಂಥ ಲಾಳದ ಹರಿತವನ್ನು (ಹರಿದ ಜಾಗವನ್ನು) ಹಾಗೇ ಬಿಟ್ಟರೆ ಸುಮಾರು ಅರ್ಧದಷ್ಟು ಕಣ್ಣುಗಳಲ್ಲಿ ರೆಟಿನಾ ಕಳಚುತ್ತದೆ. ಸುತ್ತ ಲೇಸರ್ ಹಾಕಿದರೆ 100ಕ್ಕೆ 5ಕ್ಕಿಂತ ಕಡಿಮೆ. ಲೇಸರ್ ಒಂದು ಸಲ ಕೂತು ಮಾಡಿಸಿಕೊಂಡು ಎದ್ದು ಬರುವಂಥದ್ದು. ಕಳಚಿದ ಮೇಲೆ ಬೇಕಾಗುವುದು ದೊಡ್ಡ ಶಸ್ತ್ರಚಿಕಿತ್ಸೆ. ನಡುವಿನ ಅವಧಿ ಕೆಲವರಿಗೆ ವಾರಗಳು, ಕೆಲವರಿಗೆ ಒಂದೆರಡು ದಿನ. ಕಾಫಿ ಕೊಯ್ಲು ಮುಗಿಯಲಿ, ಮಗ ಬೆಂಗಳೂರಿಂದ ಬರಲಿ, ಭಾನುವಾರ ಕಳೆಯಲಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ತಪ್ಪು ಇನ್ನೊಂದು: ಮಿಂಚು ಕಮ್ಮಿಯಾಯಿತು ಅಂತ ಸಮಾಧಾನಪಡುವುದು. ಲೋಳೆ ಪೂರ್ತಿ ಬಿಟ್ಟುಕೊಂಡರೂ ಎಳೆತ ನಿಲ್ಲುತ್ತದೆ, ಹರಿದ ತುಂಡು ಪೂರ್ತಿ ಕಿತ್ತು ಬಂದರೂ ಎಳೆತ ನಿಲ್ಲುತ್ತದೆ. ಇವೆರಡರಲ್ಲಿ ಯಾವುದು ಆಯಿತೆಂದು ಮಿಂಚು ಹೇಳಲಾರದು.

ಅದೇ ದಿನ ಹೊರಡಬೇಕಾದ ಗುರುತುಗಳು ಇವು. ಕಾಡಿಗೆಯ ಪುಡಿ ಉದುರಿದ ಹಾಗೆ ಒಂದೇ ಸಲಕ್ಕೆ ನೂರಾರು ಕರಿ ಚುಕ್ಕಿ ಕಂಡರೆ ಅದು ಹರಿದ ಜಾಗದ ರಕ್ತನಾಳದಿಂದ ಸೋರಿದ ರಕ್ತವಿರಬಹುದು. ಲೋಳೆಯೊಳಗೆ ರಕ್ತ ಬಂದಿದ್ದರೆ ಹರಿತ ಇರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಇನ್ನೊಂದು, ನೋಟದ ಒಂದು ಅಂಚಿನಿಂದ ಕಪ್ಪು ಅಥವಾ ಬೂದು ಪರದೆ ಬಂದು ನಿಧಾನಕ್ಕೆ ನಡುವಿಗೆ ಸರಿಯುವುದು. ಪರದೆ ಕೆಳಗಿನಿಂದ ಏರುತ್ತಿದ್ದರೆ ಕಳಚಿರುವುದು ಮೇಲಿನ ರೆಟಿನಾ. ಅದು ಇನ್ನೂ ತುರ್ತು, ಯಾಕೆಂದರೆ ನೀರು ತನ್ನ ಭಾರಕ್ಕೇ ಕೆಳಗಿಳಿದು ನಡುವಿನ ಮ್ಯಾಕ್ಯುಲಾವನ್ನು ಬೇಗ ಮುಟ್ಟುತ್ತದೆ. ಓದುವ, ಮುಖ ಗುರುತಿಸುವ ದೃಷ್ಟಿ ಇರುವುದು ಅಲ್ಲಿ. ಮ್ಯಾಕ್ಯುಲಾ ಕಳಚುವ ಮುಂಚೆ ಆಪರೇಷನ್ ಆದರೆ ಮೊದಲಿನ ದೃಷ್ಟಿಯೇ ಉಳಿಯುವ ಸಾಧ್ಯತೆ ಚೆನ್ನಾಗಿದೆ, ಕಳಚಿದ ಮೇಲೆ ಪೂರ್ತಿ ಬರುವುದು ಕಷ್ಟ. ಪರದೆ ಬಂದು ಕೆಲವೇ ನಿಮಿಷದಲ್ಲಿ ತಾನಾಗಿ ಸರಿದುಹೋದರೆ ಅದು ರೆಟಿನಾ ಕಳಚುವುದಲ್ಲ. ರಕ್ತದ ಹರಿವು ಕ್ಷಣಕಾಲ ನಿಂತಿರಬಹುದು, ಪಾರ್ಶ್ವವಾಯುವಿನ ಮುನ್ಸೂಚನೆ ಆಗಿರಬಹುದು. ಅದಕ್ಕೂ ಅವತ್ತೇ ಆಸ್ಪತ್ರೆ, ಕಣ್ಣಿನ ವಿಭಾಗಕ್ಕೆ ಮಾತ್ರ ಅಲ್ಲ.

ಯಾರಿಗೆ ಹೆಚ್ಚು ಎಚ್ಚರ ಬೇಕು? ಮೈನಸ್ 6 ದಾಟಿದ ಕನ್ನಡಕದವರು, ಪೊರೆ ಆಪರೇಷನ್ ಆದವರು, ಇನ್ನೊಂದು ಕಣ್ಣಿನಲ್ಲಿ ಆಗಲೇ ರೆಟಿನಾ ಕಳಚಿದವರು, ಒಡಹುಟ್ಟಿದವರಿಗೋ ಹೆತ್ತವರಿಗೋ ಹಾಗಾಗಿರುವವರು. ಸಕ್ಕರೆ ಕಾಯಿಲೆಯವರಲ್ಲಿ ರಕ್ತ ಸೋರುವ ಕಾರಣವೇ ಬೇರೆ ಇರಬಹುದು, ಆದರೆ ಅವಸರ ಅಷ್ಟೇ. ಜೊತೆಗೆ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗೆ ಸೇರಿಸಲೇಬೇಕಾದದ್ದು ಪೆಟ್ಟು. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವಾಗ ಚಿಮ್ಮಿದ ಕೊಂಬೆ, ಕಾಫಿ ಗಿಡದ ರೆಕ್ಕೆ (ಪಕ್ಕದ ಕೊಂಬೆ) ಬಿಟ್ಟಾಗ ಮುಖಕ್ಕೆ ಹೊಡೆದದ್ದು, ಕಳೆ ಹೊಡೆಯುವ ಮೆಷಿನ್ನಿನ ಬ್ಲೇಡಿಗೆ ಸಿಕ್ಕಿ ಹಾರಿದ ಕಲ್ಲು. ಅವತ್ತು ಕೆಂಪಾಗಿ ನಾಲ್ಕು ದಿನಕ್ಕೆ ತಿಳಿಯಾದ ಕಣ್ಣಿನ ಒಳ ಅಂಚು ಹರಿದಿದ್ದರೆ ರೆಟಿನಾ ಕಳಚುವುದು ವಾರಗಳೋ ತಿಂಗಳುಗಳೋ ಆದ ಮೇಲೆ. ಇವರಲ್ಲಿ ಹೆಚ್ಚಿನವರು ಹರೆಯದವರು. ಲೋಳೆ ಇನ್ನೂ ಗಟ್ಟಿ ಇರುವುದರಿಂದ ನಿಧಾನಕ್ಕೆ ಕಳಚುತ್ತದೆ, ಗೊತ್ತಾಗುವುದು ತಡ. ಮೆಷಿನ್ ಹಿಡಿದವರು ಪಾಲಿಕಾರ್ಬನೇಟ್ ಕನ್ನಡಕ ಹಾಕುವ ಪದ್ಧತಿ ಎಲ್ಲ ತೋಟಗಳಿಗೂ ಬರಬೇಕು. ಅದರ ಬೆಲೆ ಮೆಷಿನ್ನಿಗೆ ಹಾಕುವ ಪೆಟ್ರೋಲಿಗಿಂತ ಬಹಳ ಹೆಚ್ಚೇನಿಲ್ಲ.

ಅರ್ಧ ಗಂಟೆಯ ಮಿಂಚು

ಮಿದುಳಿನಲ್ಲಿ ಹುಟ್ಟುವ ಮಿಂಚಿನ ನಡೆಯೇ ಬೇರೆ. ನೋಟದ ನಡುವಿನ ಹತ್ತಿರ ಸಣ್ಣದೊಂದು ಜಾಗ ಮಸುಕಾಗುತ್ತದೆ. ಓದುತ್ತಿದ್ದರೆ ಪದದ ನಡುವಿನ ಅಕ್ಷರ ಕಾಣುವುದಿಲ್ಲ. ಆ ಮಸುಕಿನ ಸುತ್ತ ಅಂಕುಡೊಂಕು ಗೆರೆಗಳು ಮಿನುಗುತ್ತಾ ಕಮಾನಿನಂತೆ ಹೊರಕ್ಕೆ ದೊಡ್ಡದಾಗುತ್ತಾ ಹೋಗಿ, 20-30 ನಿಮಿಷದಲ್ಲಿ ಅಂಚು ದಾಟಿ ಮಾಯವಾಗುತ್ತವೆ. ಇದು ಅರೆತಲೆನೋವಿನ ಮುನ್ಸೂಚನೆ. ಹಿಂದೆಯೇ ತಲೆನೋವು, ವಾಕರಿಕೆ ಬರಬಹುದು. ಏನೂ ಬರದೆಯೂ ಇರಬಹುದು, ಮುಖ್ಯವಾಗಿ ವಯಸ್ಸಾದವರಲ್ಲಿ. 1870ರಲ್ಲಿ ಇಂಗ್ಲೆಂಡಿನ ವೈದ್ಯ ಹ್ಯೂಬರ್ಟ್ ಏರಿ ತನಗೆ ಕಾಣುತ್ತಿದ್ದ ಈ ಕಮಾನನ್ನು ಹಂತಹಂತವಾಗಿ ಚಿತ್ರ ಬರೆದು ಪ್ರಕಟಿಸಿದ. 1941ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ ತನ್ನದೇ ಕಮಾನು ಹರಡುವ ವೇಗವನ್ನು ಅಳೆದು, ಮಿದುಳಿನ ಹೊರಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಸಾಗುತ್ತಿರಬೇಕು ಅಂತ ಲೆಕ್ಕ ಹಾಕಿದ. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡೆಸ್ ಲೆಯಾವ್ ಮೊಲದ ಮಿದುಳಿನಲ್ಲಿ ಅಷ್ಟೇ ನಿಧಾನಕ್ಕೆ ಹರಡುವ ಅಲೆಯೊಂದನ್ನು ವರದಿ ಮಾಡಿದ. ಎರಡೂ ಒಂದೇ ಅಂತ ಒಪ್ಪಿಗೆಯಾಗಲು ದಶಕಗಳೇ ಬೇಕಾದವು.

ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಗಾಡಿ ಓಡಿಸುತ್ತಿರುವಾಗ ಇದು ಶುರುವಾದರೆ ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಕೂರುವುದೊಂದೇ ದಾರಿ. ಎದುರಿಗೆ ಬರುವ ಬೈಕು ಆ ಮಸುಕಿನಲ್ಲಿ ಪೂರ್ತಿ ಮುಚ್ಚಿಹೋಗಬಹುದು. 50 ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಬಂದರೆ, ಒಂದು ಗಂಟೆ ಮೀರಿದರೆ, ಜೊತೆಗೆ ಕೈಕಾಲು ಸೋತರೆ, ಮಾತು ತೊದಲಿದರೆ ಅರೆತಲೆನೋವು ಅಂತ ನೀವೇ ತೀರ್ಮಾನಿಸಬೇಡಿ. ಹೀಗೆ ಮಿಂಚಿನ ಜೊತೆ ತಲೆನೋವು ಬರುವ ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆ ಬರೆಸಿಕೊಳ್ಳುವಾಗ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಈಸ್ಟ್ರೋಜೆನ್ ಇರುವ ಮಾತ್ರೆ ಇಂಥವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ.

ಉಳಿದ ಚಿಲ್ಲರೆ ಮಿಂಚುಗಳು ಬೇಗ ಮುಗಿಯುತ್ತವೆ. ಕುಕ್ಕರುಗಾಲಿನಿಂದ ಥಟ್ಟನೆ ಎದ್ದಾಗ ಎರಡೂ ಕಣ್ಣಿಗೆ ಕತ್ತಲೆ ಕಟ್ಟಿ ಚುಕ್ಕಿ ಮಿನುಗುವುದು ರಕ್ತದೊತ್ತಡ ಇಳಿದದ್ದಕ್ಕೆ. ಪದೇ ಪದೇ ಆದರೆ ಬಿಪಿ ಮಾತ್ರೆಯ ಪ್ರಮಾಣ ನೋಡಿಸಬೇಕು. ಮುಳ್ಳಯ್ಯನಗಿರಿಯ ಮೇಲೆ ನಿಂತು ಶುಭ್ರ ನೀಲಿ ಆಕಾಶ ದಿಟ್ಟಿಸಿದಾಗ ಪುಟ್ಟ ಬೆಳ್ಳಿ ಚುಕ್ಕಿಗಳು ಓಡಾಡುವುದು ರೆಟಿನಾದ ಸಣ್ಣ ನಾಳಗಳಲ್ಲಿ ಸಾಗುವ ನಿಮ್ಮದೇ ಬಿಳಿ ರಕ್ತಕಣಗಳು. ನಾಡಿ ಮಿಡಿತಕ್ಕೆ ತಕ್ಕಂತೆ ಜಿಗಿಯುತ್ತವೆ, ನೋಡಿ ಖುಷಿಪಡಬಹುದು. ಪೊರೆ ಆಪರೇಷನ್ ಆದ ಹೊಸತರಲ್ಲಿ ದೀಪದ ಪಕ್ಕದಲ್ಲಿ ಬಾಗಿದ ಹೊಳಪು ಕಂಡರೆ ಅದು ಲೆನ್ಸಿನ ಅಂಚಿಗೆ ಬೆಳಕು ತಾಗಿದ್ದು. ದೀಪವೇ ಇಲ್ಲದ ಕತ್ತಲಲ್ಲೂ ಕಂಡರೆ ಹಾಗಲ್ಲ. ದೀಪದ ಸುತ್ತ ಬಣ್ಣದ ಬಳೆ, ಜೊತೆಗೆ ಕಣ್ಣು ಕೆಂಪಾಗಿ ತಲೆ ಸಿಡಿಯುವ ನೋವು ಇದ್ದರೆ ಕಣ್ಣಿನ ಒತ್ತಡ ಏರಿರಬಹುದು, ಅದೂ ತುರ್ತು. ನೋವಿನ ಪ್ರಶ್ನೆ ಕೆಲಸಕ್ಕೆ ಬರುವ ಜಾಗ ಅದು. (1969ರಲ್ಲಿ ಚಂದ್ರನಿಗೆ ಹೋಗಿಬಂದ ಬಜ್ ಆಲ್ಡ್ರಿನ್ ಕತ್ತಲಲ್ಲಿ ಮಿಂಚು ಕಂಡಿತೆಂದು ಹೇಳಿದ್ದರು. ಅದು ಕಣ್ಣನ್ನು ತೂರಿಹೋಗುವ ಬ್ರಹ್ಮಾಂಡ ಕಿರಣದ್ದು. ಸಕಲೇಶಪುರದಲ್ಲಿ ಆ ಕಾರಣ ಹುಡುಕಬೇಕಾಗಿಲ್ಲ.)

ಆಸ್ಪತ್ರೆಯಲ್ಲಿ

ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಟೆಸ್ಟ್ ಮಾಡಿಸಿ "ನಂಬರ್ ಸರಿ ಇದೆ" ಅನ್ನಿಸಿಕೊಂಡು ಬರುವುದರಿಂದ ಈ ವಿಷಯದಲ್ಲಿ ಏನೂ ತಿಳಿಯುವುದಿಲ್ಲ. ಹರಿಯುವುದು ಅಂಚಿನಲ್ಲಿ, ಪಾಪೆ ಅಗಲ ಮಾಡದೆ ಅಂಚು ಕಾಣುವುದಿಲ್ಲ. ಆದ್ದರಿಂದ ಹಾಸನವಿರಲಿ ಚಿಕ್ಕಮಗಳೂರಿರಲಿ, ಹೊರಡುವ ಮುಂಚೆ ಫೋನ್ ಮಾಡಿ "ಡ್ರಾಪ್ಸ್ ಹಾಕಿ ರೆಟಿನಾ ಅಂಚಿನವರೆಗೆ ನೋಡ್ತೀರಾ?" ಅಂತ ಕೇಳುವುದು ಒಳ್ಳೆಯದು. "ಕಣ್ಣು ಮಂಜು" ಅಂತ ಹೇಳಿದರೆ ಪೊರೆಯವರ ಸಾಲಿನಲ್ಲಿ ಮುಂದಿನ ವಾರದ ಚೀಟಿ ಸಿಗುತ್ತದೆ. "ಎಡಗಣ್ಣು ಒಂದರಲ್ಲೇ, ಮೂರು ದಿನದಿಂದ ಹೊರಮೂಲೆಯಲ್ಲಿ ಮಿಂಚು, ನಿನ್ನೆಯಿಂದ ಹೊಸ ಕರಿ ಚುಕ್ಕಿಗಳು, ಪರದೆ ಇಲ್ಲ" ಅಂತ ಹೇಳಿದರೆ ಕೇಳಿದವರ ಕಿವಿ ನೆಟ್ಟಗಾಗುತ್ತದೆ. ಹಳೆ ಕನ್ನಡಕ, ಪೊರೆ ಆಪರೇಷನ್ ಚೀಟಿ, ತೆಗೆದುಕೊಳ್ಳುವ ಮಾತ್ರೆಗಳು ಜೊತೆಗಿರಲಿ. ಗಾಡಿ ಓಡಿಸಲು ಬೇರೆ ಯಾರಾದರೂ ಬರಲಿ.

ಕಣ್ಣಿನ ವಿಭಾಗದ ಬೆಂಚಿನ ಮೇಲೆ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಸಾಲಾಗಿ ಕೂತವರನ್ನು ಎಲ್ಲರೂ ನೋಡಿರುತ್ತೀರಿ. ಸಿಸ್ಟರ್ ಎರಡು ಮೂರು ಸುತ್ತು ಬಂದು ರೆಪ್ಪೆ ಎಳೆದು ಹನಿ ಹಾಕುತ್ತಾರೆ. ಅದರಲ್ಲಿರುವುದು ಸಾಮಾನ್ಯವಾಗಿ ಟ್ರೋಪಿಕಮೈಡ್ ಮತ್ತು ಫಿನೈಲೆಫ್ರಿನ್. ಎರಡನೆಯದು ಬಿಪಿ ಏರಿಸಬಲ್ಲದು, ಹಾಗಾಗಿ ಹೃದಯದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಪಾಪೆ ಅಗಲವಾಗಲು 20-30 ನಿಮಿಷ, ಮೊದಲಿನಂತಾಗಲು 4-6 ಗಂಟೆ. ಅಷ್ಟು ಹೊತ್ತು ಬೆಳಕು ಚುಚ್ಚುತ್ತದೆ, ಹತ್ತಿರದ್ದು ಓದಲಾಗುವುದಿಲ್ಲ. ಆಮೇಲೆ ಮಲಗಿಸಿ, ತಲೆಗೆ ದೀಪ ಕಟ್ಟಿಕೊಂಡ ಡಾಕ್ಟರು ಕೈಯಲ್ಲಿ ಮಸೂರ ಹಿಡಿದು ಮೇಲೆ, ಕೆಳಗೆ, ಪಕ್ಕಕ್ಕೆ ನೋಡಿಸುತ್ತಾರೆ. ರೆಪ್ಪೆಯ ಮೇಲಿಂದ ಸಣ್ಣ ಕಡ್ಡಿಯಲ್ಲಿ ಒತ್ತಿದರೆ ಗಾಬರಿ ಬೇಡ, ಅಂಚನ್ನು ಒಳಕ್ಕೆ ತಳ್ಳಿ ಕಣ್ಣಿಗೆ ಬೀಳಿಸಿಕೊಳ್ಳುವ ದಾರಿ ಅದು. ಒಳಗೆ ರಕ್ತ ತುಂಬಿ ಏನೂ ಕಾಣದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡುತ್ತಾರೆ.

ಹರಿತ ಇಲ್ಲ ಅಂದರೂ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಲೋಳೆ ಇನ್ನೂ ಬಿಡುತ್ತಿದ್ದರೆ ಮುಂದಿನ ವಾರಗಳಲ್ಲಿ ಹರಿಯಬಹುದು. ಅದಕ್ಕೇ ಸುಮಾರು 6 ವಾರದೊಳಗೆ ಇನ್ನೊಮ್ಮೆ ಬರಲು ಹೇಳುತ್ತಾರೆ, ಆ ಸುತ್ತು ತಪ್ಪಿಸಬಾರದು. ಮನೆಯಲ್ಲಿ ವಾರಕ್ಕೆರಡು ಸಲ ಒಂದೊಂದೇ ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ನಡುವಿನ ಅಂಕಿ ದಿಟ್ಟಿಸಿ, ನಾಲ್ಕೂ ಮೂಲೆ ಕಾಣುತ್ತಿದೆಯಾ ಅಂತ ನೋಡಿಕೊಳ್ಳಿ. ನಂದಿಬಟ್ಟಲು ಹೂವಿನ ನೀರು, ತಲೆಗೆ ಹರಳೆಣ್ಣೆ ಇವು ಈ ಜಾಗವನ್ನು ಮುಟ್ಟುವುದೇ ಇಲ್ಲ.

ಹರಿತ ಇದ್ದರೆ ಲೇಸರ್. ರೆಟಿನಾ ಕಳಚುವುದಕ್ಕೆ ಕಾರಣ ಹರಿತ, ಅದನ್ನು ಮುಚ್ಚಿದರೆ ವಾಸಿಯಾಗುತ್ತದೆ ಅಂತ ತೋರಿಸಿದ್ದು ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಜೂಲ್ ಗೊನಿನ್, ಕಳೆದ ಶತಮಾನದ ಮೊದಲ ದಶಕಗಳಲ್ಲಿ. ಅಲ್ಲಿಯವರೆಗೆ ಇದು ಕುರುಡಿನ ದಾರಿಯೇ ಆಗಿತ್ತು. 1945ರ ಗ್ರಹಣ ನೋಡಿ ಕಣ್ಣು ಸುಟ್ಟುಕೊಂಡವರನ್ನು ಕಂಡ ಜರ್ಮನಿಯ ಮೇಯರ್-ಶ್ವಿಕೆರಾಥ್ ಸೂರ್ಯನ ಬೆಳಕಿನಿಂದಲೇ ರೆಟಿನಾಕ್ಕೆ ಬೇಕೆಂತಲೇ ಗಾಯ ಮಾಡಿ ಅಂಟಿಸಲು ಹೊರಟ. ಇವತ್ತಿನ ಲೇಸರಿನ ಮೂಲ ಅಲ್ಲಿದೆ. ಮರಗಟ್ಟಿಸುವ ಹನಿ ಹಾಕಿ, ಹರಿತದ ಸುತ್ತ ಎರಡು ಮೂರು ಸಾಲು ಚುಕ್ಕಿ ಸುಡುತ್ತಾರೆ. ಆ ಚುಕ್ಕಿಗಳು ಗಾಯ ಮಾಗಿ ಗಟ್ಟಿ ಹಿಡಿಯಲು ಸುಮಾರು 2 ವಾರ ಬೇಕು. "ಲೇಸರ್ ಆದ್ರೂ ಮಿಂಚು ನಿಂತಿಲ್ಲ, ದುಡ್ಡು ದಂಡ" ಅನ್ನುವವರಿದ್ದಾರೆ. ಲೇಸರ್ ಬೇಲಿ ಹಾಕುವುದು ರೆಟಿನಾಕ್ಕೆ. ಲೋಳೆಯ ಎಳೆತವನ್ನು ಅದು ಬಿಡಿಸುವುದಿಲ್ಲ.

ಗ್ಯಾಸ್ ತುಂಬಿದ ಕಣ್ಣು, ಘಾಟಿಯ ದಾರಿ

ಕಳಚಿದ್ದೇ ಆದರೆ ಬೆಂಗಳೂರಿನ ಮಿಂಟೋ ಥರದ ದೊಡ್ಡ ಕಣ್ಣಿನ ಆಸ್ಪತ್ರೆಗೋ ಮಂಗಳೂರು, ಮಣಿಪಾಲಕ್ಕೋ ಹೋಗುವವರು ಹೆಚ್ಚು. ವಿಟ್ರೆಕ್ಟಮಿ ಮಾಡಿ ಲೋಳೆ ತೆಗೆದು, ರೆಟಿನಾವನ್ನು ಒಳಗಿನಿಂದ ಒತ್ತಿಹಿಡಿಯಲು ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಕೆಲವು ದಿನ ಬೋರಲು ಮಲಗಲೋ ಒಂದು ಮಗ್ಗುಲಲ್ಲೇ ಇರಲೋ ಹೇಳಿದರೆ ಅದಕ್ಕೆ ಕಾರಣ ಗ್ಯಾಸ್ ಯಾವಾಗಲೂ ಮೇಲಕ್ಕೇರುತ್ತದೆ. ಹರಿತ ಇರುವ ಜಾಗ ಮೇಲೆ ಬರುವಂತೆ ತಲೆ ಇಡಬೇಕು. ಎಸ್‌ಎಫ್6 ಗ್ಯಾಸ್ ಕರಗಲು ಸುಮಾರು 2 ವಾರ, ಸಿ3ಎಫ್8 ಆದರೆ ಸುಮಾರು 2 ತಿಂಗಳು.

ನಮ್ಮವರಿಗೆ ವಿಶೇಷವಾಗಿ ತಿಳಿದಿರಬೇಕಾದದ್ದು ಇದು. ಡಿಸ್‌ಚಾರ್ಜ್ ಚೀಟಿಯಲ್ಲಿ "ವಿಮಾನ ಹತ್ತಬಾರದು" ಅಂತ ಇರುತ್ತದೆ. ನಾವೆಲ್ಲಿ ವಿಮಾನ ಹತ್ತುತ್ತೇವೆ ಅಂತ ನಕ್ಕು, ಮಂಗಳೂರಿನಲ್ಲಿ ಕಾರು ಹತ್ತುತ್ತಾರೆ. ಮಂಗಳೂರು ಸಮುದ್ರ ಮಟ್ಟದಲ್ಲಿದೆ; ಚಾರ್ಮಾಡಿ ಹತ್ತಿ ಚಿಕ್ಕಮಗಳೂರು ಸೇರುವ ಹೊತ್ತಿಗೆ 1,000 ಮೀಟರ್ ಮೇಲಿರುತ್ತೀರಿ, ಶಿರಾಡಿ ಹತ್ತಿ ಸಕಲೇಶಪುರ, ಹಾಸನಕ್ಕೆ ಬಂದರೂ 900 ಮೀಟರಿಗಿಂತ ಮೇಲೆ. 1,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕೆಳಗಿನದಕ್ಕಿಂತ ಸುಮಾರು 100ಕ್ಕೆ 11ರಷ್ಟು ಕಮ್ಮಿ. ಕಣ್ಣೊಳಗಿನ ಗ್ಯಾಸ್ ತನ್ನ ಅಳತೆಯ ಎಂಟನೇ ಒಂದು ಭಾಗದಷ್ಟು ಹಿಗ್ಗಲು ನೋಡುತ್ತದೆ. ಹಿಗ್ಗಲು ಜಾಗವಿಲ್ಲ, ಒಳಗಿನ ಒತ್ತಡ ಏರುತ್ತದೆ. ಘಾಟಿ ಹತ್ತುತ್ತಿದ್ದಂತೆ ಕಣ್ಣು ನೋಯುವುದು, ದೃಷ್ಟಿ ಕಪ್ಪಾಗುವುದು ಅದಕ್ಕೇ. ಹಾಗಾದರೆ ಗಾಡಿ ತಿರುಗಿಸಿ ಕೆಳಗಿಳಿಯಬೇಕು. ಡಿಸ್‌ಚಾರ್ಜ್ ಮಾಡುವಾಗಲೇ "ನಮ್ಮ ಊರು ಘಟ್ಟದ ಮೇಲೆ, ಇಷ್ಟು ಎತ್ತರ, ಯಾವಾಗ ಹೋಗಬಹುದು?" ಅಂತ ಕೇಳಿ, ಬೇಕಾದರೆ ಉಜಿರೆ, ಬೆಳ್ತಂಗಡಿ ಕಡೆ ನೆಂಟರ ಮನೆಯಲ್ಲಿ ಉಳಿಯಿರಿ. ಬೆಂಗಳೂರಿನಿಂದ ಹಾಸನಕ್ಕೆ ಬರುವವರಿಗೆ ಎತ್ತರದ ವ್ಯತ್ಯಾಸ ಹೆಚ್ಚಿಲ್ಲ, ಆದರೂ ಅಲ್ಲಿಂದ ಬಾಬಾಬುಡನ್‌ಗಿರಿಗೆ ಹೋಗುವ ಯೋಚನೆ ಗ್ಯಾಸ್ ಕರಗುವವರೆಗೆ ಬೇಡ. ಸಿಲಿಕೋನ್ ಎಣ್ಣೆ ಹಾಕಿದ್ದರೆ ಎತ್ತರದ ತೊಂದರೆ ಇಲ್ಲ, ಆದರೆ ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಅದನ್ನು ತೆಗೆಸಲು ಇನ್ನೊಂದು ಆಪರೇಷನ್ ಇರುತ್ತದೆ. ಗ್ಯಾಸ್ ಇರುವಾಗ ಬೇರೆ ಯಾವ ಕಾರಣಕ್ಕೆ ಆಪರೇಷನ್ ಆದರೂ, ಬಿದ್ದು ಕಾಲು ಮುರಿದದ್ದಕ್ಕೇ ಆದರೂ, ಅರಿವಳಿಕೆ ಕೊಡುವವರಿಗೆ ಅದನ್ನು ಹೇಳಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೆ ಘಾಟಿ ಹತ್ತದೆಯೇ ಗ್ಯಾಸ್ ಹಿಗ್ಗುತ್ತದೆ. ಕಣ್ಣಲ್ಲಿ ಗ್ಯಾಸ್ ಇದೆ ಅಂತ ತಿಳಿಸುವ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಕಟ್ಟಿದ್ದರೆ ಡಾಕ್ಟರು ಹೇಳುವವರೆಗೆ ಬಿಚ್ಚಬೇಡಿ.